ಗೆರೆಯ ಕೆಳಗಿನ ದನಿ

ಕೆಲವರ ದನಿಯನ್ನು ದೇವರು ಬೀದಿಗೆಲ್ಲ ಕೇಳಲಿ ಎಂದು ಮಾಡಿರುತ್ತಾನೆ, ಕೆಲವರದನ್ನು ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಲಿ ಎಂದು. ಈ ಕಥೆಯಲ್ಲಿ ಬರುವ ತಂದೆಯದು ಎರಡನೆಯ ಬಗೆ. ಆಯುಷ್ಯವೆಲ್ಲ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು, ಪುಸ್ತಕ ತೆಗೆದುಕೊಂಡು ಬದುಕಿದವರು. ಓದುವವರ ಗಮನ ಕೆಡಬಾರದೆಂದು ಮೊದಮೊದಲು ದನಿ ತಗ್ಗಿಸಿದರು. ಆಮೇಲೆ ತಗ್ಗಿದ ದನಿಯೇ ಅವರ ದನಿಯಾಯಿತು. ಮನೆಗೆ ಬಂದರೂ ಅದು ಏರಲಿಲ್ಲ. ಸಿಟ್ಟು ಬಂದರಂತೂ ಇನ್ನೂ ಒಂದು ಮೆಟ್ಟಿಲು ಇಳಿಯುತ್ತಿತ್ತು. ಅವರು ಬಾಯಿ ತೆರೆದರೆ ತಾಯಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, ತಲೆ ವಾರೆ ಮಾಡಿ, ಕಿವಿಯನ್ನು ಅವರ ಬಾಯಿಯ ಹತ್ತಿರ ತಂದು, "ಏನಂದ್ರಿ? ಕೇಳಿಸ್ಲಿಲ್ಲ" ಎನ್ನುತ್ತಿದ್ದರು. ತಂದೆ ಇನ್ನೊಮ್ಮೆ ಹೇಳುತ್ತಿದ್ದರು, ಅಷ್ಟೇ ಮೆಲ್ಲಗೆ. ಆ ಮನೆಯ ಸಂಸಾರ ನಡೆದದ್ದೇ ಹೀಗೆ, ಪ್ರತಿ ಮಾತನ್ನೂ ಎರಡೆರಡು ಸಲ ಆಡಿಕೊಂಡು.

"ಮದುವೆ ದಿನ ಇವರು ನನ್ನ ಕಿವಿಯಲ್ಲಿ ಏನೋ ಹೇಳಿದ್ರು," ಎಂದು ತಾಯಿ ಮನೆಗೆ ಬಂದವರ ಮುಂದೆಲ್ಲ ನಗುತ್ತಿದ್ದರು. "ಅದೇನು ಅಂತ ಇವತ್ತಿಗೂ ಗೊತ್ತಿಲ್ಲ. ನಾಚಿಕೆಗೆ ಎರಡನೇ ಸಲ ಕೇಳಲೇ ಇಲ್ಲ ನೋಡಿ. ಆಮೇಲೆ ಕೇಳಿದ್ರೆ, ಆಗಲೇ ಹೇಳಿದ್ನಲ್ಲ ಅಂತಾರೆ!"

ಕುತ್ತು ಬಂದದ್ದೂ ಆ ದನಿಗೇ. ಗಂಟಲು ಯಾಕೋ ಒರಟಾಗಿದೆ ಎಂದು ತೋರಿಸಲು ಹೋದರು. ಪರೀಕ್ಷೆಯ ಮೇಲೆ ಪರೀಕ್ಷೆಗಳಾದವು. ಕೊನೆಗೊಂದು ದಿನ ವೈದ್ಯೆ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ತಂದೆ ಏನೋ ಕೇಳಿದರು. ವೈದ್ಯೆಯೂ ತಲೆ ವಾರೆ ಮಾಡಿ, "ಏನು ಸರ್?" ಎಂದರು.

"ಓದೋದಕ್ಕೆ ಏನೂ ತೊಂದರೆ ಇಲ್ಲ ತಾನೆ, ಅಂತಿದಾರೆ," ಎಂದು ತಾಯಿ ದಾಟಿಸಿದರು.

ಮಗಳು ಒಬ್ಬಳೇ. ಸಾಫ್ಟ್‌ವೇರ್ ಬರೆಯುವುದು ಅವಳ ಕಸುಬು. ಕಚೇರಿಯಲ್ಲಿ ಅವಳಿಗೆ ಬುಗುರಿ ಎಂದು ಹೆಸರು. ಯಾರಾದರೂ ಇದೊಂದು ಆಗಬೇಕಿತ್ತಲ್ಲ ಎಂದು ಬಾಯಿ ಮುಚ್ಚುವುದರೊಳಗೆ ಅವಳು ಗಿರ್ರನೆ ಒಂದು ಸುತ್ತು ಸುತ್ತಿ ಮಾಡಿ ಮುಗಿಸಿರುತ್ತಿದ್ದಳು. ಅವಳ ಎದುರಿನ ಮೇಜಿನಲ್ಲಿ ಕೂರುವ ಹಿರಿಯರಿಗೆ ನಿಧಾನಣ್ಣ ಎಂದು ಹೆಸರು. ಆ ಹೆಸರು ಇಟ್ಟವಳೂ ಬುಗುರಿಯೇ.

ನಿಧಾನಣ್ಣನ ಕೆಲಸದ ರೀತಿಯೇ ಬೇರೆ. ಯಾವ ಕಡತವನ್ನು ಮುಟ್ಟುವುದಕ್ಕೂ ಮೊದಲು ಅದರದೊಂದು ಪ್ರತಿ ತೆಗೆದಿಡುತ್ತಿದ್ದರು. ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸಿ, ಓಡಿಸಿ ನೋಡಿ, ಅದು ಸರಿ ಎನ್ನಿಸಿದ ಮೇಲೆಯೇ ಮುಂದಿನದು. ಕಂಪ್ಯೂಟರ್ ತಪ್ಪಾಗಿದೆ ಎಂದು ಕೆಂಪು ಅಕ್ಷರದಲ್ಲಿ ಸಾಲುಗಟ್ಟಲೆ ಬರೆದರೆ, ಉಳಿದವರು ಮೊದಲ ಸಾಲು ಓದಿ ಓಡುವಾಗ ಅವರು ಕನ್ನಡಕ ಒರೆಸಿಕೊಂಡು ಕೊನೆಯ ಸಾಲಿನವರೆಗೂ ಓದುತ್ತಿದ್ದರು. "ಅದು ಪಾಪ ಅಷ್ಟುದ್ದ ಹೇಳ್ತಿದೆ. ಅರ್ಧಕ್ಕೇ ಎದ್ದು ಹೋದ್ರೆ ಹೇಗೆ?" ಏನನ್ನಾದರೂ ಅಳಿಸುವ ಕೆಲಸವಾದರಂತೂ ಮುಗಿಯಿತು. ಏನೇನು ಅಳಿಸುವೆ ಎಂದು ಪ್ರೋಗ್ರಾಂನಿಂದ ಮೊದಲು ಪರದೆಯ ಮೇಲೆ ಹೇಳಿಸಿಕೊಳ್ಳುವುದು, ಅಳಿಸದೆಯೇ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಒಂದು ಲೋಟ ನೀರು ಕುಡಿಯುವುದು. ಬಂದು ಕೂತು, ಹೇಳಿದ್ದನ್ನು ಇನ್ನೊಮ್ಮೆ ಓದಿ, ಆಮೇಲೆ ಗುಂಡಿ ಒತ್ತುವುದು.

"ನಿಧಾನಣ್ಣ ನೀರಿಗೆ ಎದ್ದರು ಕಣ್ರೋ," ಎಂದು ಬುಗುರಿ ಕೂಗುತ್ತಿದ್ದಳು. "ಯಾವುದೋ ಕಡತದ ಆಯಸ್ಸು ಮುಗೀತು!"

ಅವರು ಲೋಟದ ಅಂಚಿನ ಮೇಲಿಂದ ನೋಡಿ ನಗುತ್ತಿದ್ದರು. "ನಗು ತಂಗಿ. ನನ್ನ ಕೈ ನನ್ನ ಬುದ್ಧಿಗಿಂತ ಮುಂದೆ ಓಡುತ್ತೆ. ನೀರು ಕುಡಿಯೋ ಅಷ್ಟರಲ್ಲಿ ಹಿಂದೆ ಉಳಿದದ್ದು ಬಂದು ಸೇರಿಕೊಳ್ಳುತ್ತೆ."

ಬುಗುರಿಗೆ ಕಚೇರಿಯಲ್ಲಿ ಎಂದೂ ದೊಡ್ಡ ತಪ್ಪಾದದ್ದಿಲ್ಲ. ಅವಳು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಅದು ಹೊಸ್ತಿಲು ದಾಟುವಂತಿರಲಿಲ್ಲ. ದಿನದ ಕೆಲಸದ ಪ್ರತಿಗಳು ತಾವಾಗಿಯೇ ಬೇರೊಂದು ಕಡೆ ಹೋಗಿ ಕೂರುತ್ತಿದ್ದವು. ಆ ಒಳ್ಳೆಯ ಅಭ್ಯಾಸಗಳೆಲ್ಲ ಕಚೇರಿಯವು, ತನ್ನವಲ್ಲ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಮನುಷ್ಯನಿಗೆ ತನ್ನ ಗುಣ ಯಾವುದು, ತನ್ನ ಸುತ್ತಲಿನ ಗೋಡೆಯ ಗುಣ ಯಾವುದು ಎಂದು ತಿಳಿಯುವುದು ಗೋಡೆಯಿಲ್ಲದ ಜಾಗಕ್ಕೆ ಹೋದಾಗಲೇ.

ಅವಳಿಗೆ ಗೋಡೆಯಿಲ್ಲದ ಜಾಗವೆಂದರೆ ಮನೆಯ ಹಿಂದಿನ ಕೋಣೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದಂದೇ ಅವಳು ತಂದೆಗಾಗಿ ಒಂದು ಪ್ರೋಗ್ರಾಂ ಬರೆಯಲು ಕೂತಿದ್ದಳು. ಅಂಗೈಯಗಲದ ಟ್ಯಾಬ್, ಅದರ ಪರದೆಯ ಮೇಲೆ ಬಣ್ಣದ ಚೌಕಗಳು, ಒಂದೊಂದರ ಮೇಲೂ ಒಂದೊಂದು ಮಾತು. ಬೆರಳಿಟ್ಟರೆ ಆ ಮಾತು ಕೇಳಿಸಬೇಕು. ಯಂತ್ರದ ದನಿಯಲ್ಲಲ್ಲ, ಅಪ್ಪನ ದನಿಯಲ್ಲಿ. ಅದಕ್ಕಾಗಿ ದಿನವೂ ಸಂಜೆ, ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ಫೋನನ್ನು ತಂದೆಯ ಮುಂದಿಟ್ಟು ಅವರಿಂದ ಮಾತು ಹೇಳಿಸುತ್ತಿದ್ದಳು.

ಮೊದಲ ದಿನ ತಂದೆ ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವಿನಂತೆ ಬೆನ್ನು ನೆಟ್ಟಗೆ ಮಾಡಿ, ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿ, "ನೀರು ಬೇಕು. ನೋಯ್ತಿದೆ. ಡಾಕ್ಟರನ್ನ ಕರೀರಿ" ಎಂದರು. ಮರುದಿನದಿಂದ ದನಿ ಮತ್ತೆ ತನ್ನ ಜಾಗಕ್ಕೆ ಇಳಿಯಿತು. ದಿನ ಹೋದಂತೆ ಗಂಟಲು ಸೋತು ಇನ್ನೂ ಇಳಿಯಿತು.

"ಫ್ಯಾನ್ ನಿಲ್ಲಿಸಿ, ಅಂತ ಹೇಳಿ ಅಪ್ಪ."

"ಅದ್ಯಾಕೆ? ಕತ್ತರಿಸೋದು ಗಂಟಲು ಮಗಾ. ಕೈ ಅಲ್ಲವಲ್ಲ. ನಾನೇ ಎದ್ದು ನಿಲ್ಲಿಸ್ತೀನಿ."

"ಅಪ್ಪಾ!"

"ಸರಿ, ಸರಿ. ಫ್ಯಾನ್ ನಿಲ್ಲಿಸಿ."

ಫೋನು ತುಂಬಿತು. ಬುಗುರಿ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ಸಾಗಿಸಿ ಫೋನಿನಲ್ಲಿದ್ದುದನ್ನು ಒರೆಸಿಹಾಕಿದಳು. ಕೇಳಿ ನೋಡಿದರೆ, ಒಂದೊಂದು ಮಾತಿನ ಹಿಂದೆ ಮುಂದೆ ಬರೀ ಖಾಲಿ. ತಂದೆ ಕನ್ನಡಕ ಏರಿಸಿಕೊಳ್ಳುವಷ್ಟು ಹೊತ್ತು, ಉಸಿರು ಎಳೆಯುವಷ್ಟು ಹೊತ್ತು, ಅಡುಗೆಮನೆಯಲ್ಲಿ ಎಲ್ಲೋ ಒಂದು ತಟ್ಟೆ ಇಟ್ಟ ಸದ್ದು. ಗುಂಡಿ ಒತ್ತಿ ಇಷ್ಟು ಹೊತ್ತು ಕಾಯುವುದೆಂದರೇನು? ಒಂದು ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ, ಮೌನವನ್ನು ಕತ್ತರಿಸಿ ತೆಗೆಯುವ ಪುಟ್ಟದೊಂದು ಪ್ರೋಗ್ರಾಂ ಬರೆದಳು. ಅದಕ್ಕೊಂದು ಗೆರೆ ಹೇಳಬೇಕು. ಸದ್ದು ಈ ಗೆರೆಯ ಮೇಲಿದ್ದರೆ ಮಾತು, ಕೆಳಗಿದ್ದರೆ ಮೌನ. ಮೊದಲ ದಿನದ "ನೀರು ಬೇಕು" ಮೇಲೆ ಪರೀಕ್ಷಿಸಿ ಗೆರೆ ಹಾಕಿದಳು. ಚೊಕ್ಕವಾಗಿ ಬಂತು. ಅದೇ ಉತ್ಸಾಹದಲ್ಲಿ ಉಳಿದ ಎಲ್ಲದರ ಮೇಲೂ ಓಡಿಸಿಬಿಟ್ಟಳು. ಕತ್ತರಿಸಿದ್ದನ್ನು ಬೇರೆ ಕಡೆ ಇಡು ಎಂದು ಹೇಳಲಿಲ್ಲ. ಅದೇ ಹೆಸರಿಗೆ, ಅದರ ಮೇಲೆಯೇ ಬರೆದುಬಿಡು ಎಂದಿದ್ದಳು. ಕಣ್ಣು ಮಿಟುಕಿಸುವುದರಲ್ಲಿ 'ಮುಗಿಯಿತು' ಎಂಬ ಹಸಿರು ಅಕ್ಷರ ಬಂತು. ಅವಳು ಇನ್ನೊಂದು ಕಾಲಿಗೂ ಚಪ್ಪಲಿ ಹಾಕಿಕೊಂಡು ಹೊರಟಳು. ಎದ್ದು ನೀರು ಕುಡಿಯಲು ಅಲ್ಲಿ ನಿಧಾನಣ್ಣ ಇರಲಿಲ್ಲ.

ಆಮೇಲೆ ಆಸ್ಪತ್ರೆಯ ಓಡಾಟ, ರಕ್ತಪರೀಕ್ಷೆ, ಚೀಲ ತುಂಬುವುದು. ಕಡತಗಳನ್ನು ಅವಳು ಮತ್ತೆ ತೆರೆದು ಕೇಳಲಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಬಂತು. ಸಂಜೆಗೆ ಆಸ್ಪತ್ರೆ ಸೇರಬೇಕು, ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಇವತ್ತು ಗಂಟಲಿಗೆ ವಿಶ್ರಾಂತಿ ಕೊಡಿ, ಮಾತು ಕಡಿಮೆ ಮಾಡಿ ಎಂದು ವೈದ್ಯೆ ಹೇಳಿ ಕಳಿಸಿದ್ದರು. ಮಧ್ಯಾಹ್ನ ಊಟವಾದ ಮೇಲೆ ಬುಗುರಿ ಟ್ಯಾಬನ್ನು ತಂದು ತಂದೆತಾಯಿಯ ನಡುವೆ ಇಟ್ಟಳು. ತಂದೆ ಹುಷಾರಾಗಿ ಬೆರಳು ಮುಂದೆ ಮಾಡಿ ಮೊದಲ ಚೌಕ ಮುಟ್ಟಿದರು.

"ನೀರು ಬೇಕು," ಎಂದಿತು ಟ್ಯಾಬು, ಅವರದೇ ದನಿಯಲ್ಲಿ.

ತಾಯಿ ಬೆಚ್ಚಿ ಗಂಡನ ಮುಖ ನೋಡಿದರು, ಟ್ಯಾಬಿನ ಮುಖ ನೋಡಿದರು. "ಅಯ್ಯೋ ದೇವರೇ! ಇದರೊಳಗೆ ಕೂತಿದೀರಲ್ಲ!" ಎಂದು ನಕ್ಕರು. "ಇರಿ, ಇದು ಯಾವುದು ನೋಡೋಣ," ಎಂದು ತಾವೇ ಇನ್ನೊಂದು ಚೌಕ ಮುಟ್ಟಿದರು. ಏನೂ ಕೇಳಿಸಲಿಲ್ಲ. ಮತ್ತೊಂದು ಮುಟ್ಟಿದರು. ಅದೂ ಇಲ್ಲ. ತಲೆ ವಾರೆ ಮಾಡಿ ಕಿವಿಯನ್ನು ಟ್ಯಾಬಿಗೆ ಹಚ್ಚಿದರು.

"ಥೇಟ್ ನಿಮ್ಮಪ್ಪನೇ ಕಣೇ! ಮಾತಾಡ್ತಿರಬೇಕು, ಕೇಳಿಸೋದೇ ಇಲ್ಲ!"

ತಂದೆಯೂ ನಕ್ಕರು. ಬುಗುರಿ ನಗುತ್ತಲೇ ವಾಲ್ಯೂಮ್ ಏರಿಸಿದಳು. ಕೊನೆಯವರೆಗೂ ಏರಿಸಿದಳು. ನಗು ಅವಳ ತುಟಿಯ ಮೇಲೆಯೇ ಒಣಗಿತು. "ಏನೋ ಸಣ್ಣ ತೊಂದರೆ. ಒಂದು ನಿಮಿಷ," ಎಂದು ಹಿಂದಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು.

ಮೊದಲ ದಿನದವು ಇದ್ದವು. ಉಳಿದ ಕಡತಗಳ ಹೆಸರುಗಳೆಲ್ಲ ಇದ್ದವು, ಸಾಲಾಗಿ, ಅಚ್ಚುಕಟ್ಟಾಗಿ. ಎದುರಿಗೆ ಗಾತ್ರ ತೋರಿಸುವ ಕಡೆ ಸೊನ್ನೆ, ಸೊನ್ನೆ, ಸೊನ್ನೆ. ಬಾಗಿಲಿಗೆಲ್ಲ ಹೆಸರು ಬರೆದಿದೆ, ಮನೆಯೊಳಗೆ ಯಾರೂ ಇಲ್ಲ.

ಅವಳ ಕೈಗಳು ತಾವಾಗಿಯೇ ಓಡತೊಡಗಿದವು. ಅಳಿದದ್ದನ್ನು ಮರಳಿ ತರುವ ದಾರಿ ಹುಡುಕಿದಳು, ಅದನ್ನು ಒತ್ತಿದಳು, ಇದನ್ನು ಒತ್ತಿದಳು. ಯಾವಾಗ ಫೋನ್ ಮಾಡಿದಳೋ ಅವಳಿಗೇ ತಿಳಿಯದು. ಆ ತುದಿಯಲ್ಲಿ ನಿಧಾನಣ್ಣನ ದನಿ ಇತ್ತು.

"ಹೇಳು ಬುಗುರಿ. ಅಪ್ಪ ಹೇಗಿದ್ದಾರೆ?"

ಅವಳ ಕೈ ಓಡುತ್ತಲೇ ಇತ್ತು. ಅವರಿಗೆ ಕೀಲಿಗಳ ಪಟಪಟ ಕೇಳಿಸಿರಬೇಕು.

"ಮೊದಲು ಕೀಬೋರ್ಡ್ ಮೇಲಿಂದ ಕೈ ತೆಗಿ."

"ಅಣ್ಣಾ, ಈಗಲೇ ಏನಾದ್ರೂ ಮಾಡಿದ್ರೆ ಸಿಗಬಹುದು. ಹುಡುಕೋ ಪ್ರೋಗ್ರಾಂ ಒಂದನ್ನ ಇಳಿಸಿಕೊಳ್ತಿದೀನಿ..."

"ಇಳಿಸಬೇಡ. ಅದು ಬಂದು ಕೂರೋದೆಲ್ಲಿ? ಅಳಿದು ಹೋದದ್ದರ ಜಾಗದಲ್ಲೇ ಹೋಗಿ ಕೂತುಬಿಟ್ರೆ? ಕೈ ತೆಗಿ. ಎದ್ದು ನಿಲ್ಲು. ನೀರಿದೆಯಾ ಹತ್ತಿರ?"

ಮೇಜಿನ ಮೇಲೆ ತಂದೆಯ ಲೋಟ ಇತ್ತು. ಅವಳು ನಿಂತು ಕುಡಿದಳು. ಅರ್ಧ ಒಳಗೆ ಹೋಯಿತು, ಅರ್ಧ ಕುತ್ತಿಗೆಯ ಮೇಲೆ ಹರಿಯಿತು.

"ಈಗ ಮೊದಲಿಂದ ಹೇಳು. ನಂಗೆ ಏನೂ ಗೊತ್ತಿಲ್ಲ ಅಂದುಕೋ. ಏನು ಮಾಡಬೇಕು ಅಂತಿದ್ದೆ, ಏನು ಮಾಡಿದೆ, ಏನಾಯ್ತು. ಇಷ್ಟೇ. ಅಳೋದು ಆಮೇಲೆ. ಬೇಕಿದ್ರೆ ಇಬ್ರೂ ಕೂತು ಅಳೋಣ."

ಅವಳು ಹೇಳತೊಡಗಿದಳು. ಸಂಜೆಗಳು, ಚೌಕಗಳು, ಒಂದು ಕಾಲಿನ ಚಪ್ಪಲಿ. ಯಾವ ಮಾತನ್ನೂ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಗೆರೆಯ ಹತ್ತಿರ ಬಂದಾಗ ನಿಂತುಬಿಟ್ಟಳು. ಅದುವರೆಗೆ ಹೊಳೆಯದಿದ್ದದ್ದು ಬಾಯಿಬಿಟ್ಟು ಹೇಳುವಾಗ ತಾನಾಗಿ ಎದುರಿಗೆ ಬಂದು ನಿಂತಿತು.

"ಅಣ್ಣಾ... ಅಪ್ಪನ ದನಿ ಗೆರೆ ಕೆಳಗಿತ್ತು. ಮೊದಲ ದಿನ ಮಾತ್ರ ಅವರು ಜೋರಾಗಿ ಹೇಳಿದ್ದು. ನಾನು ಅಪ್ಪನ ಮಾತನ್ನ ಮೌನ ಅಂದುಕೊಂಡು ಕತ್ತರಿಸಿಹಾಕಿದೀನಿ."

"ಪ್ರತಿ?"

"ಇಲ್ಲ."

ಎಷ್ಟು ಸಲ ಹೇಳಿದ್ದೆ ನಿನಗೆ ಎಂಬ ಮಾತಿಗಾಗಿ ಅವಳು ತಲೆ ತಗ್ಗಿಸಿ ಕಾದಳು. ಅದು ಬರಲೇ ಇಲ್ಲ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು, ಅಷ್ಟೆ.

"ಸರಿ. ಒಂದು ಕೇಳ್ತೀನಿ, ಅವಸರ ಮಾಡದೆ ಹೇಳು. ಮೂಲ ಎಲ್ಲಿದೆ?"

"ಅದೇ ಹೋಯ್ತಲ್ಲ ಅಣ್ಣ! ಅದನ್ನೇ ತಾನೆ ಇಷ್ಟು ಹೊತ್ತು..."

"ಅದು ಮೂಲ ಅಲ್ಲ ತಂಗಿ. ಅದೂ ಒಂದು ಪ್ರತಿಯೇ. ಮೂಲ ಎಲ್ಲಿದೆ?"

ಮುಂದಿನ ಕೋಣೆಯಿಂದ ಏನೋ ಗುನುಗಿದ ಹಾಗೆ ಕೇಳಿಸಿತು. ಬೆನ್ನಿಗೇ ತಾಯಿಯ ದನಿ: "ಏನಂದ್ರಿ? ಕೇಳಿಸ್ಲಿಲ್ಲ."

ಬುಗುರಿ ಗೋಡೆಗೆ ಹಣೆ ಒತ್ತಿ ನಿಂತಳು.

"ಇಲ್ಲೇ ಇದ್ದಾರೆ," ಎಂದಳು. "ಪಕ್ಕದ ಕೋಣೇಲಿ."

"ಹಾಗಾದ್ರೆ ಹೋಗು. ಇದ್ದದ್ದು ಇದ್ದ ಹಾಗೆ ಹೇಳು. ಮುಚ್ಚಿಟ್ಟುಕೊಂಡು ಸರಿಮಾಡ್ತಾ ಕೂರಬೇಡ. ನಾಳೆ ಬೆಳಿಗ್ಗೆವರೆಗೂ ಅವರ ಹತ್ತಿರ ದನಿ ಇದೆ."

ಯಂತ್ರದ ಮುಂದೆ ತಪ್ಪು ಒಪ್ಪುವುದು ಸುಲಭ, ಅದಕ್ಕೆ ಮುಖವಿಲ್ಲ. ತಂದೆ ಮಂಚದ ಮೇಲೆ ದಿಂಬಿಗೊರಗಿ ಓದುತ್ತಿದ್ದರು. ಮಗಳು ಬಾಗಿಲಲ್ಲಿ ನಿಂತದ್ದನ್ನು ನೋಡಿ, ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದರು. ಅವಳು ಮಂಚದ ಕೆಳಗೆ, ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ತಾಯಿ ಮಡಚುತ್ತಿದ್ದ ಬಟ್ಟೆಯನ್ನು ಹಾಗೆಯೇ ಎದೆಗೆ ಹಿಡಿದುಕೊಂಡು ನಿಂತರು.

ತಂದೆ ಪುಟದ ನಡುವಿನ ಬೆರಳು ತೆಗೆದು ಪುಸ್ತಕವನ್ನು ಪಕ್ಕಕ್ಕಿಟ್ಟರು. ಆಮೇಲೆ, "ಒಂದೇ ಪ್ರತಿ ಇದ್ದ ಪುಸ್ತಕವನ್ನ ಹೊರಗೆ ಕೊಟ್ಟುಬಿಟ್ಟೆ ಅನ್ನು," ಎಂದರು.

"ಹೌದಪ್ಪ."

"ನಮ್ಮಲ್ಲೂ ಆಗಿತ್ತು ಹಾಗೆ. ಎಲ್ಲೂ ಸಿಗದ ಪುಸ್ತಕ, ಒಬ್ಬ ಕಳೆದುಹಾಕಿ ಬಂದು ಅಳ್ತಾ ನಿಂತ. ಏನು ಮಾಡೋದು ಅವನನ್ನ? ಕೂತ್ಕೋ, ನೆನಪಿದ್ದಷ್ಟು ಹೇಳು, ಬರ್ಕೊಳ್ತೀನಿ ಅಂದೆ." ಅವರು ಕೆಮ್ಮಿ, ಗಂಟಲನ್ನು ಅಂಗೈಯಿಂದ ಸವರಿಕೊಂಡರು. "ಚೆನ್ನಾಗೇ ಹೇಳಿದ. ಪುಸ್ತಕಕ್ಕಿಂತ ಚೆನ್ನಾಗಿ. ಏಳು. ಆ ಫೋನ್ ತಗೊಂಡು ಬಾ."

"ಮಾತಾಡಬೇಡಿ ಅಂದಿದಾರೆ ಡಾಕ್ಟರು!" ಎಂದರು ತಾಯಿ.

"ನಾಳೆಯಿಂದ ಆಡಲ್ಲವಲ್ಲ ಇವಳೇ."

ತಾಯಿ ಎದೆಗೆ ಹಿಡಿದಿದ್ದ ಬಟ್ಟೆಯಲ್ಲಿ ಮುಖ ಒರೆಸಿಕೊಂಡು ಬಂದು ಮಂಚದ ತುದಿಯಲ್ಲಿ ಕೂತರು.

ಗಂಟಲಿನಲ್ಲಿ ಉಳಿದಿದ್ದದ್ದು ಒಂದು ಹಿಡಿಯಷ್ಟು ಮಾತು. ಮೊದಲಿನ ಎಲ್ಲವನ್ನೂ ಮತ್ತೆ ಹೇಳಿಸುವುದು ಸಾಧ್ಯವಿರಲಿಲ್ಲ. ಫ್ಯಾನು, ದೀಪ, ಕಿಟಕಿ, ಔಷಧಿ ಎಂದು ಬುಗುರಿ ಮುಖ್ಯವಾದವನ್ನು ನೆನಪಿಸಿಕೊಳ್ಳುತ್ತಿದ್ದಾಗ ತಂದೆ ಕೈ ಅಡ್ಡ ಮಾಡಿದರು.

"ಅದೆಲ್ಲ ಬೇಡ. ದೀಪಕ್ಕೆ ಬೆರಳು ತೋರಿಸಿದ್ರೆ ಸಾಕು. ನೋವಿಗೆ ಮುಖವೇ ಸಾಕು. ಸನ್ನೆಗೆ ಸಿಗದೇ ಇರೋದನ್ನ ಹೇಳ್ತೀನಿ."

ಅವರು ಕಣ್ಣು ಮುಚ್ಚಿ ಹುಡುಕಿದರು, ಕಪಾಟಿನ ಮುಂದೆ ನಿಂತು ಪುಸ್ತಕ ಹುಡುಕುವ ಹಾಗೆ.

"ಪುಟ್ಟಿ, ತಿಂದ್ಯಾ?" ಎಂದರು.

ಅದು ಅವರು ಮಗಳು ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದ ಮೊದಲ ಮಾತು. ಬುಗುರಿ ಅದನ್ನು ಚೌಕಗಳಲ್ಲಿ ಸೇರಿಸುವ ಯೋಚನೆಯನ್ನೇ ಮಾಡಿರಲಿಲ್ಲ. ಅವಳ ಪ್ರೋಗ್ರಾಂನಲ್ಲಿ ತಂದೆ ಬರೀ ಕೇಳಿಕೊಳ್ಳುವ ರೋಗಿಯಾಗಿದ್ದರು. ನೀರು ಕೇಳುವವರು, ಗಾಳಿ ಕೇಳುವವರು. ಬೇರೆಯವರನ್ನು ವಿಚಾರಿಸಿಕೊಳ್ಳುವ ತಂದೆಗೆ ಅದರಲ್ಲಿ ಒಂದು ಚೌಕವೂ ಇರಲಿಲ್ಲ.

"ತೆಗೆದ ಜಾಗದಲ್ಲೇ ಇಡಿ," ಎಂದರು ತಂದೆ. ಇದು ಪುಸ್ತಕಕ್ಕೂ ಆಗುತ್ತದೆ, ಕತ್ತರಿಗೂ ಆಗುತ್ತದೆ.

"ಹ್ಞೂಂ," ಎಂದರು. ಇದು ನಂಬಿಕೆ ಬರದಿದ್ದಾಗಿನ ಹ್ಞೂಂ. ಇನ್ನೊಂದು ಹ್ಞೂಂ ಹೇಳಿದರು, ಅದು ಒಪ್ಪಿಗೆಯದು. ಎರಡಕ್ಕೂ ವ್ಯತ್ಯಾಸ ಆ ಮನೆಯವರಿಗೆ ಮಾತ್ರ ಗೊತ್ತಾಗುವಂಥದ್ದು.

"ಇವಳೇ, ನೀನು ಹೇಳಿದ್ದೇ ಸರಿ."

"ಪುಟ್ಟಿ!" ತಾಯಿ ಎದ್ದು ನಿಂತೇಬಿಟ್ಟರು. "ಇದೊಂದಕ್ಕೆ ಹತ್ತು ಪ್ರತಿ ತೆಗೆದಿಡು! ಇಷ್ಟು ವರ್ಷದಲ್ಲಿ ಈಗ ಬಾಯಿಗೆ ಬಂತು."

ಮೂವರೂ ನಕ್ಕರು. ಆ ನಗುವೂ ಫೋನಿನೊಳಗೆ ಹೋಯಿತು. ಬುಗುರಿ ನಿಲ್ಲಿಸಲು ಹೋಗಲಿಲ್ಲ.

ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲಿ ಎಂದು ಬಿಟ್ಟರು. ತಾಯಿ ಅನುಮಾನಿಸುತ್ತ ಕೇಳಿದರು: "ಬೆಳಿಗ್ಗೆ ದೇವರ ಮುಂದೆ ನಿಂತು ಏನೋ ಹೇಳ್ಕೊಳ್ತೀರಲ್ಲ... ಅದನ್ನೂ ತುಂಬಿಸಿಬಿಡಿ. ತುಟಿ ಆಡೋದು ಕಾಣುತ್ತೆ, ಒಂದು ಅಕ್ಷರ ಕೇಳಿದ್ದಿಲ್ಲ ನಾನು."

ತಂದೆ ತಲೆಯಾಡಿಸಿದರು. "ಅದಕ್ಕೆ ಯಂತ್ರ ಬೇಡ. ಅವನಿಗೆ ಇಷ್ಟು ದಿನವೂ ಕೇಳಿಸಿದೆ. ನಾಳೆಯೂ ಕೇಳಿಸುತ್ತೆ."

ಬುಗುರಿ ಆ ಮಾತನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದಳು. ಲೋಕದಲ್ಲಿ ಗೆರೆ ಹಾಕದವರು ಯಾರಿದ್ದಾರೆ? ಇಷ್ಟು ಜೋರಾಗಿ ಹೇಳಿದರೆ ಮಾತು, ಇಲ್ಲದಿದ್ದರೆ ಏನೂ ಹೇಳಲಿಲ್ಲ ಎಂದೇ ಲೆಕ್ಕ. ಯಾವ ದನಿಯನ್ನೂ ಮೌನವೆಂದು ಕತ್ತರಿಸದೆ ಇಟ್ಟುಕೊಳ್ಳುವವನು ಅವನೊಬ್ಬನೇ ಇರಬೇಕು. ಅವನ ಹತ್ತಿರ ಪ್ರತಿ ಇರುತ್ತದೆ.

"ಬಿಸಿನೀರು ತಾ," ಎಂದು ತಂದೆ ತಾಯಿಗೆ ಸನ್ನೆ ಮಾಡಿದರು. ತಾಯಿ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ ಸದ್ದು ಕೇಳಿದ ಮೇಲೆ, ಫೋನನ್ನು ಮಗಳ ಕೈಯಿಂದ ತೆಗೆದುಕೊಂಡು ತುಟಿಯ ಹತ್ತಿರ ಹಿಡಿದರು. ಎರಡು ಪುಟ್ಟ ವಾಕ್ಯ ಹೇಳಿದರು. ಆಮೇಲೆ ಫೋನ್ ಹಿಂದಕ್ಕೆ ಕೊಟ್ಟು, ಸಾಕು ಎಂಬಂತೆ ಕಣ್ಣು ಮುಚ್ಚಿ ದಿಂಬಿಗೊರಗಿದರು. ಮಗಳು ಏನೂ ಕೇಳಲಿಲ್ಲ. ಅದು ಯಾವ ದಿನದ ಮಾತು, ಯಾರಿಗೆ ಹೇಳಿದ ಮಾತು ಎಂದು ಅವಳಿಗೆ ತಿಳಿದಿತ್ತು.

ಹೊರಡುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಬುಗುರಿ ಹಿಂದಿನ ಕೋಣೆಗೆ ಹೋಗಿ ಕೂತಳು. ಬೇರೇನನ್ನೂ ಮಾಡುವ ಮುಂಚೆ ಪ್ರತಿ ತೆಗೆದಳು. ಒಂದು ಲ್ಯಾಪ್‌ಟಾಪಿಗೆ. ಒಂದು ಬೆರಳುದ್ದದ ಡ್ರೈವಿಗೆ, ಅದನ್ನು ತಾಯಿಯ ಕನ್ನಡಕದ ಡಬ್ಬಿಯಲ್ಲಿಟ್ಟಳು. ಒಂದು ನಿಧಾನಣ್ಣನಿಗೆ. ಫೋನಿನಲ್ಲಿದ್ದುದನ್ನು ಮುಟ್ಟಲಿಲ್ಲ. ಒಂದೊಂದು ಪ್ರತಿಯನ್ನೂ ತೆರೆದು, ಕೊನೆಯವರೆಗೂ ಕೇಳಿ ನೋಡಿದಳು. ಆಮೇಲೆ ಪ್ರೋಗ್ರಾಂ ತೆರೆದು ಒಂದು ಚೌಕಕ್ಕೆ ಮಾತು ಜೋಡಿಸಿದಳು, ಒತ್ತಿ ಕೇಳಿದಳು, ಸರಿ ಎನ್ನಿಸಿದ ಮೇಲೆ ಇನ್ನೊಂದಕ್ಕೆ ಹೋದಳು. ಕೈ ಓಡಲು ನೋಡುತ್ತಿತ್ತು. ಓಡಲು ನೋಡಿದಾಗಲೆಲ್ಲ ಎದ್ದು ಲೋಟದಿಂದ ಒಂದು ಗುಟುಕು ನೀರು ಕುಡಿದಳು. ಮುಗಿದ ಮೇಲೆ ತಾನು ಬರೆದದ್ದನ್ನು ನಿಧಾನಣ್ಣನಿಗೆ ಕಳಿಸಿ, ಒಂದು ಸಲ ಕಣ್ಣಾಡಿಸಿ ಎಂದು ಕೇಳಿಕೊಂಡಳು. ಯಾರೂ ಕೇಳು ಎನ್ನದೆ ಹೀಗೆ ಕೇಳಿಕೊಂಡದ್ದು ಅವಳು ಅದೇ ಮೊದಲು.

ಅವರು ಓದಿ ಫೋನ್ ಮಾಡಿದರು. "ಎಲ್ಲ ಸರಿಯಾಗಿದೆ. ಆ ಮೌನ ಕತ್ತರಿಸೋ ಭಾಗ ಮಾತ್ರ ಕಾಣಿಸ್ತಿಲ್ಲವಲ್ಲ?"

"ಅದನ್ನ ತೆಗೆದುಹಾಕಿದೆ ಅಣ್ಣ. ಅವರು ಉಸಿರು ಎಳ್ಕೊಳ್ಳೋದು, ಅಮ್ಮ ತಟ್ಟೆ ಇಡೋದು, ಎಲ್ಲ ಹಾಗೇ ಇರಲಿ ಅಂತ."

"ಇರಲಿ," ಎಂದರು ನಿಧಾನಣ್ಣ. "ನನ್ನ ಹತ್ತಿರ ಒಂದು ಪ್ರತಿ ಭದ್ರವಾಗಿದೆ. ನೀನು ನಿಶ್ಚಿಂತೆಯಾಗಿ ಹೋಗಿ ಬಾ ತಂಗಿ."

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ತಂದೆ ದಿಂಬಿಗೊರಗಿ ಕೂರುವಂತಾದ ಬೆಳಿಗ್ಗೆ, ಆಸ್ಪತ್ರೆಯ ಕಿಟಕಿಯಿಂದ ಎಳೆಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವರ ಕುತ್ತಿಗೆಗೆ ಬಿಳಿಯ ಪಟ್ಟಿ. ತಾಯಿ ಕಿಟಕಿಯ ಹತ್ತಿರ ನಿಂತು ಕಿತ್ತಳೆ ಸುಲಿಯುತ್ತಿದ್ದರು, ದಾದಿಯ ಬಗ್ಗೆ, ಚಹಾದ ಬಗ್ಗೆ, ಪಕ್ಕದ ಹಾಸಿಗೆಯವರ ಗೊರಕೆಯ ಬಗ್ಗೆ ಒಂದೇ ಸಮನೆ ಮಾತಾಡುತ್ತಿದ್ದರು. ಮಾತು ನಿಲ್ಲಿಸಲು ಅವರಿಗೆ ಹೆದರಿಕೆಯಾಗಿತ್ತು. ನಿಲ್ಲಿಸಿದರೆ ಉತ್ತರ ಬಾರದಿರುವುದು ಕೇಳಿಸುತ್ತದಲ್ಲ.

ಬುಗುರಿ ಟ್ಯಾಬನ್ನು ತಂದೆಯ ಮಡಿಲಲ್ಲಿಟ್ಟಳು. ಅವರ ಬೆರಳು ಚೌಕಗಳ ಮೇಲೆ ಮೆಲ್ಲಗೆ ಸರಿಯಿತು. ನೀರನ್ನು ದಾಟಿತು, ನೋವನ್ನು ದಾಟಿತು, 'ಪುಟ್ಟಿ, ತಿಂದ್ಯಾ'ದ ಮೇಲೆ ಒಂದು ಕ್ಷಣ ನಿಂತಿತು, ಅವರು ಮಗಳ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಕೊನೆಯದಾಗಿ ಬೆರಳು, ಹೆಸರೇ ಬರೆಯದಿದ್ದ ಒಂದು ಚೌಕದ ಮೇಲೆ ಕೂತಿತು.

ಮೊದಲು ಒಂದು ಉಸಿರು. ಆಮೇಲೆ ದೂರದಲ್ಲೆಲ್ಲೋ ಒಲೆ ಹಚ್ಚಿದ ಸದ್ದು. ಆಮೇಲೆ ಆ ದನಿ, ಇದೆಯೋ ಇಲ್ಲವೋ ಎನ್ನುವಷ್ಟು.

ತಾಯಿಯ ಕೈಯಲ್ಲಿ ಕಿತ್ತಳೆ ನಿಂತಿತು.

"ಏನಂದ್ರಿ?" ಎಂದರು. "ಕೇಳಿಸ್ಲಿಲ್ಲ."

ಬುಗುರಿಯ ಕೈ ಅಭ್ಯಾಸಬಲದಿಂದ ವಾಲ್ಯೂಮಿನ ಗುಂಡಿಯ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು. ಅವಳು ಅದನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ತಾಯಿ ಹಣ್ಣನ್ನು ಕಿಟಕಿಯ ಅಂಚಿನ ಮೇಲಿಟ್ಟು ಹಾಸಿಗೆಯ ಹತ್ತಿರ ಬಂದರು. ತಲೆ ವಾರೆ ಮಾಡಿ, ಇಷ್ಟು ವರ್ಷ ತಂದ ಹಾಗೆಯೇ ಕಿವಿಯನ್ನು ತಂದರು, ಟ್ಯಾಬಿನ ಹತ್ತಿರಕ್ಕಲ್ಲ, ತಂದೆಯ ಬಾಯಿಯ ಹತ್ತಿರಕ್ಕೆ. ತಂದೆ ಟ್ಯಾಬನ್ನು ಎತ್ತಿ ತಮ್ಮ ತುಟಿಯ ಪಕ್ಕದಲ್ಲಿ ಹಿಡಿದು, ಇನ್ನೊಮ್ಮೆ ಒತ್ತಿದರು.

"ನನ್ನ ದನಿ ಸಣ್ಣದು. ಹತ್ತಿರದಲ್ಲೇ ಇರು."

ತಾಯಿ ಕದಲಲಿಲ್ಲ. ಬಿಸಿಲು ಅವರ ನರೆತ ಕೂದಲ ಮೇಲೆ ಇತ್ತು.

"ಇಷ್ಟೇನಾ ಅವತ್ತು ಹೇಳಿದ್ದು?" ಎಂದರು. ದನಿ ಅವರದೂ ತಗ್ಗಿತ್ತು. "ಇನ್ನೊಂದು ಸಲ ಹೇಳಿ."

ತಂದೆ ಒತ್ತಿದರು.